ಮೇ ತಿಂಗಳು, ಆರು ಜನ, 13 ರಾತ್ರಿ: ಮ್ಯೂನಿಕ್‌ನಿಂದ ರೋಮ್, ರೋಮ್‌ನಿಂದ ಜೂರಿಕ್. ಇದು ಆಗೋ ಮಾತಾ?

ಬಸವನಗುಡಿ_ಬೆಣ್ಣೆದೋಸೆ
ಎಲ್ಲರಿಗೂ ನಮಸ್ಕಾರ. ಮಕ್ಕಳ ಬೇಸಿಗೆ ರಜೇಲಿ, ಮೇ ಮೊದಲ ವಾರ ಯುರೋಪಿಗೆ ಹೊರಡೋದು ಅಂತ ಮನೇಲಿ ತೀರ್ಮಾನ ಆಗಿದೆ. ನಾವಿಬ್ಬರು, ಮಕ್ಕಳು (11 ಮತ್ತು 7), ನಮ್ಮಪ್ಪ-ಅಮ್ಮ (69 ಮತ್ತು 64, ಅಮ್ಮಂಗೆ ಮಂಡಿನೋವು). ಟೂರ್ ಬಸ್ಸಿನವರು ಬೆಳಗ್ಗೆ ಆರಕ್ಕೆ ಎಬ್ಬಿಸಿ, ಹತ್ತು ನಿಮಿಷ ಫೋಟೋ ತೆಗೆಸಿ ಮತ್ತೆ ಬಸ್ ಹತ್ತಿಸೋದು ಬೇಡ ಅಂತ ನಾನೇ ಪ್ಲಾನ್ ಮಾಡ್ತಿದ್ದೀನಿ. ವಿಮಾನ ಬುಕ್ ಆಗಿದೆ, ಇಳಿಯೋದು ಮ್ಯೂನಿಕ್, ವಾಪಸ್ ಹತ್ತೋದು ಜೂರಿಕ್, ಮಧ್ಯಾಹ್ನದ ಮೇಲೆ.

ರಾತ್ರಿಗಳ ಲೆಕ್ಕ: ಮ್ಯೂನಿಕ್ 1, ಸಾಲ್ಜ್‌ಬರ್ಗ್ 1, ಹಾಲ್‌ಸ್ಟಾಟ್ 1, ವಿಯೆನ್ನಾ 2, ವೆನಿಸ್ 1, ಫ್ಲಾರೆನ್ಸ್ 1, ರೋಮ್ 2, ಮಿಲಾನ್ 1, ಇಂಟರ್‌ಲಾಕನ್ 2, ಜೂರಿಕ್ 1.

ಮ್ಯೂನಿಕ್‌ನಲ್ಲೇ ಏಳು ಸೀಟಿನ ಕಾರು ತಗೊಂಡು ಜೂರಿಕ್‌ನಲ್ಲಿ ಬಿಡೋದು ಅನ್ನೋ ಯೋಚನೆ. ನಡುವೆ ಒಂದೆರಡು ಕಡೆ ರೈಲು, ಮಕ್ಕಳ ಖುಷಿಗೆ. ಜರ್ಮನಿ ವೀಸಾಗೆ ಸ್ಲಾಟ್ ಹುಡುಕ್ತಿದ್ದೀನಿ. ತಪ್ಪಿದ್ರೆ ಬೈದು ಹೇಳಿ, ಪರವಾಗಿಲ್ಲ.

ರೈಲುಹುಚ್ಚ
13 ರಾತ್ರಿಗೆ 10 ಹೋಟೆಲ್. ಟೂರ್ ಬಸ್ಸಿನವರೇ ವಾಸಿ ಕಣ್ರೀ.

ಟೀಸ್ಪೂನ್
😂 ಬೈದು ಹೇಳಿ ಅಂದ್ರಲ್ಲ, ತಗೊಳ್ಳಿ.

ಇಸಾರ್_ದಂಡೆ
ನಾನು ಮ್ಯೂನಿಕ್‌ನಲ್ಲೇ ಇರೋದು. ಊರಿಂದ ಬರೋ ನೆಂಟರೆಲ್ಲ ಇಂಥದೇ ಪಟ್ಟಿ ಹಿಡ್ಕೊಂಡು ಬರ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಮ್ಯಾಪ್‌ನಲ್ಲಿ "ಮೂರು ಗಂಟೆ" ಅಂತ ಕಾಣುತ್ತಲ್ಲ, ಅದು ಬರೀ ಗಾಡಿ ಓಡೋ ಹೊತ್ತು. ಹೋಟೆಲ್ ಬಿಡೋದು ಹನ್ನೊಂದರೊಳಗೆ, ಮುಂದಿನ ಕಡೆ ರೂಮ್ ಕೊಡೋದು ಮೂರರ ಮೇಲೆ. ಆರು ಜನರ ಪೆಟ್ಟಿಗೆ ಕಟ್ಟಿ, ಬಾತ್‌ರೂಮಿನಲ್ಲಿ ಯಾರ ಚಾರ್ಜರ್ ಉಳೀತು ಅಂತ ನೋಡಿ, ಅಜ್ಜಿಗೆ ಕಾಫಿ ಕೊಡಿಸಿ, ಮಗೂನ ಎರಡು ಸಲ ಟಾಯ್ಲೆಟ್‌ಗೆ ಕರ್ಕೊಂಡು ಹೋಗಿ ಹೊರಡೋಷ್ಟರಲ್ಲಿ ಅರ್ಧ ದಿನ ಖಲಾಸ್. ನಿಮ್ಮ ಪಟ್ಟೀಲಿ ಒಂಬತ್ತು ಸಲ ಊರು ಬದಲಾಯಿಸ್ತೀರಿ. ಒಂದು ರಾತ್ರಿ ಇರೋ ಊರಲ್ಲಿ ನೀವು ನೋಡೋದು ಒಂದು ಸಂಜೆ, ಅಷ್ಟೆ.

ಇನ್ನೊಂದು ವಿಷಯ. ಬೆಂಗಳೂರಿಂದ ಬಂದಿಳಿದ ದಿನಾನೇ ಸ್ಟೇರಿಂಗ್ ಹಿಡೀಬೇಡಿ. ನಿದ್ದೆಗಣ್ಣು, ಬಲಗಡೆ ಓಡಿಸೋ ರಸ್ತೆ, ಪಕ್ಕದಲ್ಲಿ ಎಷ್ಟೋ ಕಡೆ ಸ್ಪೀಡ್ ಲಿಮಿಟ್ಟೇ ಇಲ್ಲದ ಆಟೋಬಾನ್ (ಜರ್ಮನಿ ಹೆದ್ದಾರಿ). ಬೇಡ.

ಸ್ಟೇರಿಂಗ್_ಸೀನ
ಎಲ್ಲರೂ ಸೇರಿ ಕಾರಿನ ಮೇಲೆ ಯಾಕೆ ಬೀಳ್ತೀರಿ? ಆರು ಜನಕ್ಕೆ ರೈಲು ಟಿಕೆಟ್ ಲೆಕ್ಕ ಹಾಕಿ ನೋಡಿದ್ದೀರಾ? ವಯಸ್ಸಾದವರನ್ನ ಪ್ಲಾಟ್‌ಫಾರ್ಮಿಂದ ಪ್ಲಾಟ್‌ಫಾರ್ಮಿಗೆ ಓಡಿಸೋದಕ್ಕಿಂತ ಕಾರು ಮನೆಬಾಗಿಲಿಂದ ಮನೆಬಾಗಿಲಿಗೆ ಹೋಗುತ್ತೆ. ಬೇಕಾದಲ್ಲಿ ನಿಲ್ಲಿಸಬಹುದು. ಏಳು ಸೀಟಿನ ಗಾಡಿ ಸರಿಯಾದ ಆಯ್ಕೆ.

ಕುಡ್ಲದ_ಕಾಣಿ
ಮಾರಾಯ್ರೇ, ಏಳು ಸೀಟಿನ ಗಾಡಿಯ ಮೂರನೇ ಸಾಲು ಎತ್ತಿ ನಿಲ್ಲಿಸಿದ ಮೇಲೆ ಹಿಂದೆ ಎಷ್ಟು ಜಾಗ ಉಳಿಯುತ್ತೆ ಅಂತ ನೋಡಿದ್ದೀರಾ? ಎರಡು ಬ್ಯಾಕ್‌ಪ್ಯಾಕ್ ಮತ್ತು ಒಂದು ಕೊಡೆ ಹಿಡಿದರೆ ಪುಣ್ಯ. ಆರು ಜನರ ಪೆಟ್ಟಿಗೆ ಎಲ್ಲಿ ಇಡುವುದು, ಅಜ್ಜನ ತೊಡೆಯ ಮೇಲೆಯಾ? ಆರು ಜನ ಮತ್ತು ಸಾಮಾನು ಎರಡೂ ಹೋಗಬೇಕಾದರೆ ಒಂಬತ್ತು ಸೀಟಿನ ವ್ಯಾನ್ ಬೇಕು. ಕಾರಿನ ಲೈಸೆನ್ಸಲ್ಲೇ ಓಡಿಸಬಹುದು, ಆದರೆ ಇಟಲಿಯ ಹಳೇ ಊರುಗಳ ಗಲ್ಲಿಯಲ್ಲಿ ಅದನ್ನು ತಿರುಗಿಸುವುದು ನಿಮಗೇ ಬಿಟ್ಟದ್ದು.

ಸ್ಟೇರಿಂಗ್_ಸೀನ
ಅದು ಒಪ್ಪಿದೆ. ವ್ಯಾನ್ ತಗೊಳ್ಳಲಿ.

ರೈಲುಹುಚ್ಚ
ವ್ಯಾನ್ ತಗೊಂಡು ವೆನಿಸ್‌ಗೆ ಹೋಗಿ ಏನ್ ಮಾಡ್ತಾರೆ ಸೀನಣ್ಣ? ಊರ ಅಂಚಿನ ಪಿಯಾತ್ಸಾಲೆ ರೋಮಾದಲ್ಲಿ ರಸ್ತೆ ಮುಗೀತು. ಅಲ್ಲಿ ದುಬಾರಿ ಪಾರ್ಕಿಂಗ್‌ನಲ್ಲಿ ಗಾಡಿ ಮಲಗಿರುತ್ತೆ, ಇವರು ದೋಣೀಲಿ. ಫ್ಲಾರೆನ್ಸ್, ರೋಮ್ ಎರಡರ ನಡುಭಾಗಾನೂ ಝಡ್‌ಟಿಎಲ್, ಅಂದ್ರೆ ಪರವಾನಗಿ ಇಲ್ಲದ ಗಾಡಿ ಒಳಗೆ ಹೋಗೋ ಹಾಗಿಲ್ಲ. ಪೊಲೀಸ್ ಇರಲ್ಲ, ಕ್ಯಾಮೆರಾ ಇರುತ್ತೆ.

ಅದೇ ದಾರಿಗೆ ರೈಲು: ವೆನಿಸ್‌ನಿಂದ ಫ್ಲಾರೆನ್ಸ್ ಎರಡೂಕಾಲು ಗಂಟೆ ಆಸುಪಾಸು, ಫ್ಲಾರೆನ್ಸ್‌ನಿಂದ ರೋಮ್ ಒಂದೂವರೆ. ಊರ ನಡುಮಧ್ಯಕ್ಕೇ ತಂದು ಇಳಿಸುತ್ತೆ.

ಧಾರವಾಡ_ಫೇಡಾ
ಝಡ್‌ಟಿಎಲ್ ಸುದ್ದಿ ಖರೇ ಐತ್ರಿ. ನಮ್ಮ ಮಾವನ ಮಗ ಟಸ್ಕನಿ ಕಡೆ ಒಂದು ಸಣ್ಣ ಊರಾಗ ಹೋಟೆಲ್ ಹುಡುಕ್ಕೋತ ಒಂದ ಗಲ್ಲಿ ಸುತ್ತ ಹೊಡದಾನ. ಊರಿಗೆ ಬಂದು ಎಲ್ಲಾ ಮರತ ಮ್ಯಾಲೆ, ಉಳವಿ ಜಾತ್ರಿಗೆ ಹೊಂಟಾಗ, ಮೊಬೈಲ್‌ಗೆ ಮೆಸೇಜು: ಬಾಡಿಗಿ ಕಂಪನಿಯವರು ಇವನ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕ ಕಾರ್ಡಿನಿಂದ ರೊಕ್ಕ ಹಿಡದಾರ. ದಂಡ ಅಲ್ಲರೀ ಅದು, ಬರೇ ವಿಳಾಸ ಕೊಟ್ಟ ಕೂಲಿ! ದಂಡದ ಕಾಗದ ಆಮ್ಯಾಲೆ ಬೇರೆ ಬಂತು. ಒಳಗ ಹೋದದ್ದಕ್ಕ ಒಂದು, ಹೊಳ್ಳಿ ಬಂದು ಮತ್ತ ಹೊಕ್ಕಿದ್ದಕ್ಕ ಇನ್ನೊಂದು.

ಟೀಸ್ಪೂನ್
ವಿಳಾಸ ಕೊಟ್ಟ ಕೂಲಿ 🤣🤣

ನಂಜನಗೂಡು_ರಸಬಾಳೆ
ಕಾರಿನವರಿಗೆ ಒಂದಿಷ್ಟು ಕಾಗದಪತ್ರದ ವಿಷಯ. ಇಲ್ಲಿ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ, ಪರಿವಾಹನ್ ತಾಣದಲ್ಲಿ ಅರ್ಜಿ ಹಾಕಬಹುದು. ಒಂದು ವರ್ಷ ಚಾಲ್ತಿ. ಇಟಲಿ, ಆಸ್ಟ್ರಿಯಾ ಎರಡು ಕಡೆಯೂ ಕೇಳ್ತಾರೆ. ಒರಿಜಿನಲ್ ಲೈಸೆನ್ಸ್ ಜೊತೆಗೇ ಇರಬೇಕು, ಪರ್ಮಿಟ್ ಒಂದೇ ಇದ್ರೆ ಬೆಲೆ ಇಲ್ಲ.

ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಬೇಕು, ಅದೂ ಓಡಿಸೋರ ಹೆಸರಲ್ಲೇ. ಹೆಂಡತಿ ಕಾರ್ಡು, ಗಂಡನ ಲೈಸೆನ್ಸು ಅಂದ್ರೆ ಕೌಂಟರ್‌ನಲ್ಲೇ ನಿಲ್ಲಿಸ್ತಾರೆ. ಆಟೋಮ್ಯಾಟಿಕ್ ಬೇಕಿದ್ರೆ ಬುಕ್ ಮಾಡುವಾಗಲೇ ಆರಿಸ್ಕೊಳ್ಳಿ, ಅಲ್ಲಿ ಮ್ಯಾನುಯಲ್ ಗಾಡಿಗಳೇ ಅಗ್ಗ. ಮಕ್ಕಳಿಗೆ ಸೀಟ್ ಕಡ್ಡಾಯ. ಆಸ್ಟ್ರಿಯಾದಲ್ಲಿ 14 ವರ್ಷದೊಳಗಿನವರು 135 ಸೆಂ.ಮೀ.ಗಿಂತ ಕುಳ್ಳಗಿದ್ರೆ, ಇಟಲೀಲಿ 150 ಸೆಂ.ಮೀ. ತನಕ. ಹಾಗಾಗಿ ನಿಮ್ಮ 11ರ ಮಗೂನೂ ಲೆಕ್ಕಕ್ಕೆ ಬರಬಹುದು, ಅಳತೆ ತೆಗೀರಿ.

ಇಸಾರ್_ದಂಡೆ
ಇದಕ್ಕೆ ಸೇರಿಸೋದು: ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾ ಹೆದ್ದಾರಿಗೆ ವಿನ್ಯೆಟ್ (ಹೆದ್ದಾರಿ ಶುಲ್ಕದ ಚೀಟಿ) ಬೇಕು, ಒಂದು ದಿನದ್ದು, ಹತ್ತು ದಿನದ್ದು ಸಿಗುತ್ತೆ. ಸ್ವಿಸ್‌ನವರು ಮಾತ್ರ ಮಹಾ ಬುದ್ಧಿವಂತರು, ಒಂದು ದಿನಕ್ಕೆ ಹೋದ್ರೂ ಇಡೀ ವರ್ಷದ್ದೇ ಕೊಳ್ಳಬೇಕು, 40 ಫ್ರಾಂಕ್. ಇಟಲೀಲಿ ಕಿಲೋಮೀಟರ್ ಲೆಕ್ಕದ ಟೋಲ್. ಒಂದು ದೇಶದಲ್ಲಿ ತಗೊಂಡು ಇನ್ನೊಂದು ದೇಶದಲ್ಲಿ ಬಿಟ್ರೆ ಬೀಳೋ ಶುಲ್ಕ ಕೆಲವು ಸಲ ಬಾಡಿಗೆಗಿಂತ ಜಾಸ್ತಿ. ಸೀನ ಅವರೇ, ಇಷ್ಟೆಲ್ಲಾ ಕೂಡಿ ಆಮೇಲೆ ರೈಲಿನ ಟಿಕೆಟ್ ಜೊತೆ ತಾಳೆ ನೋಡಿ.

ಸ್ಟೇರಿಂಗ್_ಸೀನ
ನೀವು ನಗರಗಳ ಉದಾಹರಣೆ ಕೊಟ್ಟು ಕಾರು ಕೆಟ್ಟದು ಅಂತಿದ್ದೀರಿ. ಹಾಲ್‌ಸ್ಟಾಟ್ ಸುತ್ತಮುತ್ತ ಸರೋವರಗಳನ್ನ ರೈಲಲ್ಲಿ ಹೇಗೆ ನೋಡ್ತಾರೆ? ಹಾಲ್‌ಸ್ಟಾಟ್ ಸ್ಟೇಷನ್ ಇರೋದು ಕೆರೆಯ ಆಚೆ ದಡದಲ್ಲಿ. ಅಲ್ಲಿಂದ ದೋಣಿ ಹತ್ತಿ ಊರಿಗೆ ಬರಬೇಕು. ಪಕ್ಕದ ಗೋಸಾವ್ ಸರೋವರಕ್ಕೆ ಹೋಗೋಕೆ ಬಸ್ಸು ಕಾಯಬೇಕು. ಮಂಡಿನೋವಿನ ಅಮ್ಮ ಇದಾರೆ ಅಂತ ಅವರೇ ಬರೆದಿದ್ದಾರೆ.

ರೈಲುಹುಚ್ಚ
ದೋಣಿ ಹತ್ತಿ ಊರಿಗೆ ಬರೋದೇ ಅಲ್ಲಿನ ಮಜಾ! ಆದ್ರೆ ಗೋಸಾವ್ ವಿಷಯದಲ್ಲಿ ನಿಮ್ಮ ಮಾತು ಸರಿ. ಅಲ್ಲಿ ಕಾರಿಗೆ ನನ್ನದೂ ಒಂದು ಓಟು.

ಅಜ್ಜಿಮನೆ_ಅಟ್ಟ
ಯಾರೂ ವೀಸಾ ವಿಷಯ ಹೇಳಲಿಲ್ಲ. ಈ ನಾಲ್ಕೂ ದೇಶಕ್ಕೆ ಷೆಂಗೆನ್ ಅನ್ನೋ ಒಂದೇ ವೀಸಾ, ಆದ್ರೆ ಇಳಿಯೋ ದೇಶ ಅಂತ ಜರ್ಮನಿಗೆ ಹಾಕೋದಲ್ಲ. ಎಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೆ ಹಾಕಬೇಕು. ದಿನಗಳು ಸಮ ಬಂದಾಗ ಮಾತ್ರ ಮೊದಲು ಕಾಲಿಡೋ ದೇಶ. ಈಗಿನ ನಿಮ್ಮ ಪಟ್ಟೀಲಿ ಇಟಲಿ 5, ಜರ್ಮನಿ ಬರೀ 1. ಜರ್ಮನಿಯವರು ಯಾಕೆ ಕೊಡ್ತಾರೆ? ಮೊದಲು ರಾತ್ರಿಗಳು ನಿಕ್ಕಿ ಆಗ್ಲಿ, ಆಮೇಲೆ ಸ್ಲಾಟ್. ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಏಪ್ರಿಲ್-ಮೇ ಅಂದ್ರೆ ಅರ್ಧ ಬೆಂಗಳೂರೇ ಸಾಲಲ್ಲಿ ನಿಂತಿರುತ್ತೆ. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ನಿಮ್ಮಪ್ಪ-ಅಮ್ಮನಿಗೆ ಮೊದಲೇ ಇರೋ ಕಾಯಿಲೆಗೆ ರಕ್ಷಣೆ ಇದೆಯಾ ಅಂತ ಓದಿ ತಗೊಳ್ಳಿ.

ಆಮೇಲೆ 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡೀಲಿ ಹೊಸ ಪದ್ಧತಿ ಬಂದಿದೆ, ಪಾಸ್‌ಪೋರ್ಟಿಗೆ ಮುದ್ರೆ ಒತ್ತೋ ಬದಲು ಫೋಟೋ, ಬೆರಳಚ್ಚು. ಇಳಿದ ಕೂಡಲೇ ಒಂದೂವರೆ ಗಂಟೇಲಿ ರೈಲು ಅಂತೆಲ್ಲ ಬುಕ್ ಮಾಡ್ಬೇಡಿ.

ಬಸವನಗುಡಿ_ಬೆಣ್ಣೆದೋಸೆ
ಅಬ್ಬಾ. ವೀಸಾ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಸರಿ, ಊರು ಕಡಿಮೆ ಮಾಡ್ತೀನಿ. ಆದ್ರೆ ರೋಮ್ ಬಿಟ್ರೆ ಅಪ್ಪ ಬೇಜಾರು ಮಾಡ್ಕೋತಾರೆ, ಸ್ವಿಸ್ ಬಿಟ್ರೆ ಹೆಂಡ್ತಿ. ನನಗೆ ಡೋಲೊಮೈಟ್ಸ್ (ಇಟಲಿಯ ಬೆಟ್ಟಸಾಲು) ಕೂಡ ನೋಡ್ಬೇಕು ಅಂತಿತ್ತು, ಪಟ್ಟಿಗೆ ಸೇರಿಸೋಕೆ ಧೈರ್ಯ ಬರಲಿಲ್ಲ 😅

ಟೀಸ್ಪೂನ್
ಡೋಲೊಮೈಟ್ಸ್ ಅಂತೆ! ಕಡಿಮೆ ಮಾಡಿ ಅಂದ್ರೆ ಸೇರಿಸ್ತಾರಲ್ಲಪ್ಪ.

ಕುಡ್ಲದ_ಕಾಣಿ
ಮೇ ಮೊದಲ ವಾರ ಡೋಲೊಮೈಟ್ಸ್ ಬೇಡವೇ ಬೇಡ. ಸ್ಕೀ ಸೀಸನ್ ಮುಗಿದಿರುತ್ತೆ, ಬೇಸಿಗೆ ಶುರುವಾಗಿರುವುದಿಲ್ಲ. ಹೆಚ್ಚಿನ ಕೇಬಲ್ ಕಾರುಗಳು, ಬೆಟ್ಟದ ಮೇಲಿನ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಸ್ವಿಸ್‌ನಲ್ಲೂ ಫುರ್ಕಾ, ಗ್ರಿಮ್‌ಸೆಲ್, ಸುಸ್ಟೆನ್ ಘಾಟಿಗಳು ಹಿಮ ಸರಿಸಿ ತೆರೆಯುವಾಗ ಜೂನ್ ಹತ್ತಿರ ಬರುತ್ತೆ. ನಮ್ಮ ಶಾಲೆಗಳ ರಜೆ ಮುಗಿಯುವ ಹೊತ್ತಿಗೆ ಅವರ ಬೆಟ್ಟ ತೆರೆಯುವುದು, ಏನು ಮಾಡುವುದು. ಕಾರು ಓಡಿಸಿ ಘಾಟಿ ನೋಡುವ ಆಸೆ ಇದ್ದವರು ದಸರಾ ರಜೆಯ ಮೊದಲ ದಿನಗಳಲ್ಲಿ ಹೋಗಿ, ಅದೂ ಹಿಮ ಬೇಗ ಬೀಳದಿದ್ದರೆ.

ಧಾರವಾಡ_ಫೇಡಾ
ಊಟದ್ದು ಏನ್ ವ್ಯವಸ್ಥಾ ಮಾಡೀರಿ? ಹಿರ್ಯಾರು ಅದಾರಂದ್ರ ಅದ ದೊಡ್ಡ ಪ್ರಶ್ನೆ. ಅಡಗಿಮನಿ ಇರೋ ಅಪಾರ್ಟ್‌ಮೆಂಟ್ ತಗೋರಿ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಒಯ್ದಿದ್ವಿ. ಜಗತ್ತ ಸುತ್ತಿದ್ರೂ ಕೆಡಂಗಿಲ್ಲ. ಮೊಸರು ಅಲ್ಲೇ ಮಸ್ತ ಸಿಗತೈತಿ.

ಅಜ್ಜಿಮನೆ_ಅಟ್ಟ
ಹೆಸರಲ್ಲೇ ಫೇಡಾ ಇಟ್ಕೊಂಡಿದ್ದೀರಿ, ಅದನ್ನ ಮಾತ್ರ ಒಯ್ಯೋ ಹಾಗಿಲ್ಲ 🙂 ಹೊರಗಿಂದ ಬರೋರು ಯುರೋಪಿಯನ್ ಒಕ್ಕೂಟದೊಳಗೆ ಹಾಲು, ಮಾಂಸದ ಪದಾರ್ಥ ತರೋಹಾಗಿಲ್ಲ. ತುಪ್ಪಾನೂ ಇಲ್ಲೇ ಬಿಟ್ಟು ಹೋಗಿ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು.

ಧಾರವಾಡ_ಫೇಡಾ
ಕರಿಬೇವಿಗೂ?! ಮತ್ತ ಒಗ್ಗರಣಿ ಹೆಂಗರೀ ಹಾಕೋದು.

ಅಜ್ಜಿಮನೆ_ಅಟ್ಟ
ಒಣಗಿಸಿ ಪುಡಿ ಮಾಡ್ಕೊಂಡು ಹೋಗಿ. ತಮಾಷೆ ಅಂದ್ರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ಸರ್ಟಿಫಿಕೇಟ್ ಬೇಡ.

ನಂಜನಗೂಡು_ರಸಬಾಳೆ
ಬಾಳೆಹಣ್ಣಿಗೆ ಅಡ್ಡಿ ಇಲ್ಲ ಅಂದ್ರಲ್ಲ, ಸಾಕು. ನಾನು ಹೊರಟೆ.

ಇಸಾರ್_ದಂಡೆ
ಒಗ್ಗರಣೆ ಬಗ್ಗೆ ನಗ್ತಿದ್ದೀರಿ, ಆದ್ರೆ ಬಾಡಿಗೆ ಮನೇಲಿ ಹೊಗೆ ಅಲಾರಂ ಇರುತ್ತೆ ಅನ್ನೋದು ನೆನಪಿರಲಿ. ನಮ್ಮತ್ತೆ ಬಂದಾಗ ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕ್ಷಣಕ್ಕೆ ಇಡೀ ಮಹಡಿ ಎಚ್ಚರ. ಕೆಳಗಿನ ಮನೆ ಅಜ್ಜ ಪೈಜಾಮಾದಲ್ಲೇ ಓಡಿ ಬಂದ, ಆಮೇಲೆ ಚಿತ್ರಾನ್ನ ತಿಂದುಕೊಂಡು ಹೋದ. ಕಿಟಕಿ ತೆಗೆದು ಒಗ್ಗರಣೆ ಹಾಕಿ. ಭಾನುವಾರ ಜರ್ಮನಿ, ಆಸ್ಟ್ರಿಯಾ, ಸ್ವಿಸ್ ಮೂರೂ ಕಡೆ ಸೂಪರ್‌ಮಾರ್ಕೆಟ್ ಮುಚ್ಚಿರುತ್ತೆ, ದೊಡ್ಡ ಸ್ಟೇಷನ್‌ಗಳಲ್ಲಿರೋದು ಮಾತ್ರ ತೆರೆದಿರುತ್ತೆ. ಶನಿವಾರ ಸಂಜೆಯೇ ಹಾಲು ತಂದಿಡಿ.

ಈಗ ಮೂಲ ವಿಷಯಕ್ಕೆ ಬರ್ತೀನಿ. ನಾನಾದ್ರೆ ಹೀಗೆ ಮಾಡ್ತೀನಿ:

ಮ್ಯೂನಿಕ್ 2, ಸಾಲ್ಜ್‌ಬರ್ಗ್ 3, ವೆನಿಸ್ 2, ತಿರಾನೊ (ಸ್ವಿಸ್ ಗಡಿ ಪಕ್ಕದ ಇಟಲಿ ಊರು) 1, ಲೌಟರ್‌ಬ್ರುನೆನ್ (ಇಂಟರ್‌ಲಾಕನ್ ಹತ್ತಿರದ ಹಳ್ಳಿ) 4, ಜೂರಿಕ್ 1.

ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಒಂದು ದಿನದ ರೈಲು ಟಿಕೆಟ್) ಸಾಕು. ಗಡಿ ದಾಟಿದ್ರೂ ಸಾಲ್ಜ್‌ಬರ್ಗ್ ಸ್ಟೇಷನ್ ತನಕ ನಡೆಯುತ್ತೆ, ಒಂದೇ ಟಿಕೆಟ್‌ನಲ್ಲಿ ಐದು ಜನ, ಮಕ್ಕಳ ಲೆಕ್ಕ ಹೇಗೆ ಅಂತ ಕೊಳ್ಳುವಾಗ ನೋಡ್ಕೊಳ್ಳಿ. ಲೋಕಲ್ ರೈಲುಗಳಲ್ಲಿ ಮಾತ್ರ, ವಾರದ ದಿನ ಬೆಳಗ್ಗೆ ಒಂಬತ್ತರ ಮೇಲೆ.

ಸಾಲ್ಜ್‌ಬರ್ಗ್‌ನಲ್ಲಿ ಎರಡು ದಿನ ಮಾತ್ರ ಕಾರು. ಅಲ್ಲೇ ತಗೊಂಡು ಅಲ್ಲೇ ವಾಪಸ್ ಕೊಡಿ. ಆಸ್ಟ್ರಿಯಾ ಗಾಡಿಗೆ ಸಾಮಾನ್ಯವಾಗಿ ವಿನ್ಯೆಟ್ ಹಾಕೇ ಕೊಡ್ತಾರೆ. ಒಂದು ದಿನ ವೋಲ್ಫ್‌ಗಾಂಗ್ ಸರೋವರ, ಗೋಸಾವ್, ಹಾಲ್‌ಸ್ಟಾಟ್. ಹಾಲ್‌ಸ್ಟಾಟ್‌ಗೆ ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಎಂಟುನೂರು ಜನಾನೂ ಇಲ್ಲದ ಹಳ್ಳಿ ಅದು, ನಡುಹಗಲಲ್ಲಿ ಕಾಲಿಡೋಕೆ ಜಾಗ ಇರಲ್ಲ. ಇನ್ನೊಂದು ದಿನ ಗಡಿ ದಾಟಿ ಜರ್ಮನಿಯ ಕೋನಿಗ್ಸ್‌ಜೇ ಸರೋವರ. ಅಲ್ಲಿ 1909ರಿಂದ ಬ್ಯಾಟರಿ ದೋಣಿಗಳೇ ಓಡೋದು, ಸದ್ದೇ ಇಲ್ಲ. ನಡುನೀರಲ್ಲಿ ದೋಣಿ ನಿಲ್ಲಿಸಿ ಒಬ್ಬ ಕಹಳೆ ಊದ್ತಾನೆ, ಎದುರು ಬಂಡೆ ತಿರುಗಿ ಊದುತ್ತೆ. ಮಕ್ಕಳು ಬಿಟ್ಟ ಬಾಯಿ ಮುಚ್ಚಲ್ಲ.

ಕುಡ್ಲದ_ಕಾಣಿ
ಇದು ಬುದ್ಧಿವಂತಿಕೆ. ಪೆಟ್ಟಿಗೆಗಳು ರೂಮಿನಲ್ಲೇ ಇರುವುದರಿಂದ ಏಳು ಸೀಟಿನ ಗಾಡಿಯೇ ಧಾರಾಳ ಆಯ್ತು, ವ್ಯಾನ್ ಬೇಡ.

ಸ್ಟೇರಿಂಗ್_ಸೀನ
ಕೊನೆಗೂ ಕಾರು ಉಳೀತು. ನಾನು ಗೆದ್ದೆ ಅಂತ ಬರ್ಕೊಳ್ಳಿ.

ರೈಲುಹುಚ್ಚ
ಇಸಾರ್ ಅವರ ಪ್ಲಾನ್ ಚೆನ್ನಾಗಿದೆ, ಒಂದು ಕಡೆ ಎಡವಟ್ಟಿದೆ. ತಿರಾನೊದಿಂದ ಲೌಟರ್‌ಬ್ರುನೆನ್ ಒಂದೇ ದಿನದಲ್ಲಿ ಅಂದ್ರೆ, ಸ್ವಿಸ್‌ನ ಖೂರ್ ಊರಿನ ತನಕ ಬರ್ನಿನಾ ಅನ್ನೋ ಬೆಟ್ಟದ ರೈಲು ದಾರಿ ನಾಲ್ಕು ಗಂಟೆ, ಅಲ್ಲಿಂದ ಜೂರಿಕ್, ಬರ್ನ್, ಇಂಟರ್‌ಲಾಕನ್ ಅಂತ ಇನ್ನೂ ನಾಲ್ಕು ಗಂಟೆ ಹತ್ತಿರ. ಅಮ್ಮನ ಮಂಡಿ ಕಥೆ ಮುಗೀತು. ಖೂರ್‌ನಲ್ಲಿ ಒಂದು ರಾತ್ರಿ ಹಾಕಿ, ಜೂರಿಕ್ ರಾತ್ರಿ ತೆಗೀರಿ. ವಾಪಸ್ ವಿಮಾನ ಮಧ್ಯಾಹ್ನದ ಮೇಲಿದೆಯಲ್ಲ, ಲೌಟರ್‌ಬ್ರುನೆನ್‌ನಿಂದ ಜೂರಿಕ್ ಏರ್‌ಪೋರ್ಟ್‌ಗೆ ಸುಮಾರು ಮೂರು ಗಂಟೆ, ಏರ್‌ಪೋರ್ಟಿನ ಕೆಳಗೇ ಸ್ಟೇಷನ್.

ಈಗ ಲೆಕ್ಕ ನೋಡಿ. ತಿರಾನೊ ಬಿಡೋ ದಿನದಿಂದ ಏರ್‌ಪೋರ್ಟ್ ತಲುಪೋ ದಿನದವರೆಗೆ ಸರಿಯಾಗಿ ಆರು ದಿನ. ಸ್ವಿಸ್ ಟ್ರಾವೆಲ್ ಪಾಸ್ ಆರು ದಿನದ್ದು ಸಿಗುತ್ತೆ, ತಿರಾನೊ ಇಟಲೀಲಿದ್ರೂ ಅಲ್ಲಿಂದಲೇ ನಡೆಯುತ್ತೆ. ಫ್ಯಾಮಿಲಿ ಕಾರ್ಡ್ ಕೇಳಿ ತಗೊಳ್ಳಿ, 16 ತುಂಬದ ಮಕ್ಕಳು ಅಪ್ಪ-ಅಮ್ಮನ ಜೊತೆ ಬಿಟ್ಟಿ.

ಬರ್ನಿನಾ ಬಗ್ಗೆ ಎರಡು ಮಾತು ಹೇಳದಿದ್ರೆ ನನಗೆ ನಿದ್ದೆ ಬರಲ್ಲ. ತಿರಾನೊದಲ್ಲಿ ಆ ಕೆಂಪು ರೈಲು ಚರ್ಚಿನ ಮುಂದಿನ ಚೌಕದಲ್ಲೇ, ಕಾರುಗಳ ಪಕ್ಕ ರಸ್ತೆ ಮೇಲೆ ಹೋಗುತ್ತೆ. ಸ್ವಲ್ಪ ದೂರಕ್ಕೆ ಬ್ರೂಸಿಯೊ. ಅಲ್ಲಿ ಬಯಲಲ್ಲೇ ಕಲ್ಲಿನ ಕಮಾನುಗಳ ಮೇಲೆ ಪೂರ್ತಿ ಒಂದು ಸುತ್ತು ಹೊಡೆದು ತನ್ನ ಹಳಿಯ ಕೆಳಗೇ ನುಸುಳಿ ಬಂದಿರೋ ದಾರಿ, ಹತ್ತುವಾಗ ಮೊದಲು ಕಮಾನಿನ ಕೆಳಗೆ, ಆಮೇಲೆ ಅದರ ಮೇಲೆ. 429 ಮೀಟರ್‌ನಿಂದ ಶುರುವಾಗಿ 2253 ಮೀಟರ್‌ಗೆ ಏರುತ್ತೆ, ಗಾಲಿ ಕಚ್ಚಿಕೊಳ್ಳೋ ಹಲ್ಲುಹಳಿ ಇಲ್ಲದೆ. ಮೇ ತಿಂಗಳಲ್ಲಿ ಕೆಳಗೆ ಹಸಿರು, ಮೇಲೆ ಇನ್ನೂ ಹಿಮ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಟೀಸ್ಪೂನ್
ಎರಡು ಮಾತು ಅಂದಿದ್ರಿ.

ನಂಜನಗೂಡು_ರಸಬಾಳೆ
ಪಾಸ್ ಕುರುಡಾಗಿ ತಗೋಬೇಡಿ. ಹಾಫ್ ಫೇರ್ ಕಾರ್ಡ್ ಅಂತ ಇದೆ, ಒಂದು ತಿಂಗಳು ಹೆಚ್ಚಿನ ಟಿಕೆಟ್ಟೆಲ್ಲಾ ಅರ್ಧ ದರ. ಯುಂಗ್‌ಫ್ರಾವ್‌ಯೋಖ್ ಅನ್ನೋ ಹಿಮಬೆಟ್ಟದ ಮೇಲಿನ ರೈಲು ಸ್ಟೇಷನ್‌ಗೆ ಹೋಗೋದಾದ್ರೆ ಪಾಸ್‌ನವರಿಗೆ ಬರೀ 25 ಶೇಕಡಾ ರಿಯಾಯಿತಿ, ಕಾರ್ಡ್‌ನವರಿಗೆ ಅರ್ಧ. ಎರಡೂ ಕಾಗದದ ಮೇಲೆ ಕೂಡಿ ನೋಡಿ.

ಅಜ್ಜಿಮನೆ_ಅಟ್ಟ
ಯುಂಗ್‌ಫ್ರಾವ್ ಟಿಕೆಟ್ ಇಲ್ಲಿಂದಲೇ ಬುಕ್ ಮಾಡೋ ಅವಸರ ಬೇಡ. ಆ ದಿನ ಬೆಳಗ್ಗೆ ವೆಬ್‌ಕ್ಯಾಮ್ ನೋಡಿ, ಮೋಡ ಇದ್ರೆ ಅಷ್ಟು ದುಡ್ಡು ಕೊಟ್ಟು ಬಿಳೀ ಗೋಡೆ ನೋಡಿ ಬರ್ತೀರಿ. 3454 ಮೀಟರ್ ಎತ್ತರ, ನಿಮ್ಮಪ್ಪಂಗೆ ಬಿಪಿ ಇದ್ರೆ ಡಾಕ್ಟರನ್ನ ಕೇಳಿ. ಮೇಲೆ ಹೋಗದಿದ್ರೂ ನಷ್ಟ ಇಲ್ಲ, ಲೌಟರ್‌ಬ್ರುನೆನ್ ಮೇಲಿನ ಮ್ಯೂರನ್‌ನಲ್ಲಿ ಕೂತ್ರೆ ಐಗರ್, ಮಂಖ್, ಯುಂಗ್‌ಫ್ರಾವ್ ಮೂರೂ ಶಿಖರ ಎದುರಿಗೇ. ಕಾರು ಬಿಡದ ಊರು ಅದು, ಅಜ್ಜ-ಅಜ್ಜಿ ಆರಾಮಾಗಿ ಅಡ್ಡಾಡಬಹುದು.

ಬಸವನಗುಡಿ_ಬೆಣ್ಣೆದೋಸೆ
ಇವತ್ತು ಊಟಕ್ಕೆ ಕೂತಾಗ ಮನೆಯವರ ಮುಂದೆ ಇಟ್ಟೆ. ಮ್ಯೂನಿಕ್ 2, ಸಾಲ್ಜ್‌ಬರ್ಗ್ 3, ವೆನಿಸ್ 2, ತಿರಾನೊ 1, ಖೂರ್ 1, ಲೌಟರ್‌ಬ್ರುನೆನ್ 4. ಸ್ವಿಸ್ 5 ರಾತ್ರಿ, ಹಾಗಾಗಿ ಸ್ವಿಸ್ ವೀಸಾ. ರೋಮ್ ಇಲ್ಲ ಅಂದಿದ್ದಕ್ಕೆ ಅಪ್ಪ ಅರ್ಧ ಗಂಟೆ ಪೇಪರ್ ಮುಖಕ್ಕೆ ಹಿಡ್ಕೊಂಡು ಕೂತಿದ್ರು. ಬ್ರೂಸಿಯೊ ವಿಡಿಯೋ ತೋರಿಸಿದ ಮೇಲೆ "ಯಾವ ಕಡೆ ಕಿಟಕಿ ಹಿಡೀಬೇಕು" ಅಂತ ಕೇಳಿದ್ರು.

ಎರಡು ಪ್ರಶ್ನೆ ಉಳೀತು. ಸಾಲ್ಜ್‌ಬರ್ಗ್‌ನಿಂದ ವೆನಿಸ್ ಹೇಗೆ? ವೆನಿಸ್‌ನಲ್ಲಿ ಅಗ್ಗ ಅಂತ ನೀರಿನ ಈಚೆ ದಡದ ಮೆಸ್ಟ್ರೆನಲ್ಲಿ ಇರೋದಾ, ಒಳಗೇ ಇರೋದಾ?

ರೈಲುಹುಚ್ಚ
ಸಾಲ್ಜ್‌ಬರ್ಗ್‌ನಿಂದ ಫಿಲಾಖ್‌ಗೆ ಹೋಗಿ ಅಲ್ಲಿ ವೆನಿಸ್ ರೈಲಿಗೆ ಬದಲಾಯಿಸಬೇಕು. ದಿನದ ಬಹುಪಾಲು ಅದರಲ್ಲೇ ಹೋಗುತ್ತೆ, ಆದ್ರೆ ಟಾವರ್ನ್ ಬೆಟ್ಟಸಾಲಿನ ದಾರಿ, ಬೇಜಾರಾಗಲ್ಲ. ಬೆಳಗಿನ ರೈಲು ಹಿಡೀರಿ, ಸೀಟು ಕಾದಿರಿಸಿ, ಬದಲಾಯಿಸೋಕೆ ಅರ್ಧ ಗಂಟೆಯಾದ್ರೂ ಇರೋದು ಆರಿಸಿ. ವೆನಿಸ್‌ನಿಂದ ತಿರಾನೊಗೆ ಮಿಲಾನ್ ಮೇಲೆ, ಮಿಲಾನ್‌ನಿಂದ ಎರಡೂವರೆ ಗಂಟೆ, ಕೊಮೊ ಸರೋವರದ ಅಂಚಿಗೇ ಹೋಗುತ್ತೆ. ಅದು ಲೋಕಲ್ ರೈಲು. ಕಾಗದದ ಟಿಕೆಟ್ ಆದ್ರೆ ಹತ್ತೋ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್‌ಗೆ ತೂರಿಸಿ ಮುದ್ರೆ ಒತ್ತಿಸ್ಕೊಳ್ಳಿ, ಇಲ್ಲಾಂದ್ರೆ ಟಿಕೆಟ್ ಕೈಯಲ್ಲಿದ್ರೂ ದಂಡ.

ಧಾರವಾಡ_ಫೇಡಾ
ವೆನಿಸ್ ಒಳಗ ಇರ್ರಿ. ಸಂಜಿಮುಂದ ದಿನದ ಮಂದಿ ಎಲ್ಲಾ ಹೋದ ಮ್ಯಾಲೇನ ಆ ಊರು ಊರಾಗತೈತಿ. ಇನ್ನ ಏಪ್ರಿಲ್‌ನಿಂದ ಜುಲೈದಾಗ ಕೆಲವು ದಿನ, ಹಗಲು ಬಂದು ಹೋಗೋರಿಗೆ ಪ್ರವೇಶ ಶುಲ್ಕ ಇಟ್ಟಾರ. ಒಳಗ ಆಗಲಿ ಮೆಸ್ಟ್ರೆದಾಗ ಆಗಲಿ ರಾತ್ರಿ ಇರೋರಿಗೆ ಶುಲ್ಕ ಇಲ್ಲ, ಹೆಸರು ನೋಂದಾಯಿಸಬೇಕಷ್ಟ.

ಕುಡ್ಲದ_ಕಾಣಿ
ಮಂಡಿನೋವಿಗೆ ವೆನಿಸ್‌ನ ದೊಡ್ಡ ಶತ್ರು ಸೇತುವೆಗಳು. ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಮೆಟ್ಟಿಲು. ಸಾಂತಾ ಲೂಚಿಯಾ ಸ್ಟೇಷನ್ ಇರುವ ದಡದಲ್ಲೇ, ಕನ್ನರೆಜಿಯೊ ಕಡೆ ರೂಮು ನೋಡಿ. ಬುಕ್ ಮಾಡುವ ಮೊದಲು ಸ್ಟೇಷನ್‌ನಿಂದ ಅಲ್ಲಿಗೆ ಎಷ್ಟು ಸೇತುವೆ ಅಂತ ಕೇಳಿ ಬರೆದು ತಗೊಳ್ಳಿ, ಲಿಫ್ಟ್ ಇದೆಯಾ ಅಂತಲೂ. ಊರು ನೋಡಲಿಕ್ಕೆ 1ನೇ ನಂಬರ್ ವಾಪೊರೆಟ್ಟೊ (ನೀರಿನ ಬಸ್ಸು) ಹತ್ತಿ ಕೂತರೆ ದೊಡ್ಡ ಕಾಲುವೆ ಪೂರ್ತಿ ಕೂತಲ್ಲಿಯೇ ಆಯ್ತು.

ಸ್ಟೇರಿಂಗ್_ಸೀನ
ಕಿಟಕಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ, ಪಾಪ ಅವರಪ್ಪ.

ರೈಲುಹುಚ್ಚ
ಸೀಟು ಕಾದಿರಿಸೋ ಬರ್ನಿನಾ ಎಕ್ಸ್‌ಪ್ರೆಸ್ ಬೇಡ, ಅದೇ ಹಳಿ ಮೇಲೆ ಓಡೋ ಸಾಮಾನ್ಯ ರೈಲು ಹತ್ತಿ. ಎಕ್ಸ್‌ಪ್ರೆಸ್‌ನ ದೊಡ್ಡ ಗಾಜು ತೆಗೆಯೋಕಾಗಲ್ಲ, ಫೋಟೋದಲ್ಲಿ ನಿಮ್ಮದೇ ಮುಖ ಬರುತ್ತೆ. ಸಾಮಾನ್ಯ ರೈಲಿನ ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು, ಖಾಲಿ ಇದ್ರೆ ಎಡಕ್ಕೂ ಬಲಕ್ಕೂ ಓಡಾಡಬಹುದು. ಖೂರ್‌ಗೆ ಹೋಗೋಕೆ ನಡುವೆ ಒಂದು ಕಡೆ ಬದಲಾಯಿಸಬೇಕು, ಅಷ್ಟೆ. ಒಂದೇ ಕಡೆ ಕೂರಲೇಬೇಕು ಅಂದ್ರೆ ತಿರಾನೊದಿಂದ ಹೊರಡುವಾಗ ಎಡಗಡೆ.

ಬಸವನಗುಡಿ_ಬೆಣ್ಣೆದೋಸೆ
ಎಡಗಡೆ ಅಂತ ಹೇಳಿದೆ. ಏಳು ವರ್ಷದೋಳು ಈಗಲೇ ಆ ಸೀಟು ತನಗೆ ಅಂತ ಅಜ್ಜನ ಜೊತೆ ಜಗಳಕ್ಕೆ ನಿಂತಿದ್ದಾಳೆ. ನಾಳೆ ವೀಸಾ ಸ್ಲಾಟ್ ನೋಡ್ತೀನಿ.